ಗೋಲಿಗೊಂದು ಗಡಿಯಾರ

ಲೋವ್‌ಹಮ್ಮಾರ್
೧೨ ಮಾರ್ಚ್ ೧೯೫೧

ಪ್ರೀತಿಯ ಹಿಲ್ಮಾ ಅತ್ತೆ,

ಇವತ್ತು ಬೆಳಿಗ್ಗೆ ಒಂದು ವಿಷಯ ಗಮನಿಸಿದೆ. ಈ ಮನೆಯಲ್ಲಿ ಏಳು ಗಂಟೆ ಆಗಿ ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಮೊದಲು ಅಡುಗೆಮನೆಯ ಗಡಿಯಾರ ಏಳು ಹೊಡೆಯುತ್ತದೆ. ಆಮೇಲೆ ನಡುಮನೆಯವು ಒಂದರ ಮಾತಿಗೆ ಇನ್ನೊಂದು ಅಡ್ಡ ಬಾಯಿ ಹಾಕುತ್ತವೆ. ಎಲ್ಲರೂ ಸುಮ್ಮನಾದ ಮೇಲೆ ಮೆಟ್ಟಿಲ ಕೆಳಗಿನದು ಗಂಟಲು ಸರಿಮಾಡಿಕೊಂಡು ತನ್ನ ಏಳು ಹೇಳುತ್ತದೆ. ಅಷ್ಟು ಹೊತ್ತಿಗೆ ನನ್ನ ಕಾಫಿ ಆರಿರುತ್ತದೆ.

ನಾನು ಬಾಡಿಗೆಗಿರುವ ಈ ಮಹಡಿ ಕೋಣೆ ಗೆರ್ಡಾ ಬ್ರೋಲಿನ್ ಎಂಬ ವಿಧವೆಯದು. ಗಡಿಯಾರಗಳು ಅವರ ಮಗ ಅರ್ವಿಡ್ ಅವರವು. ಅರ್ವಿಡ್ ಯಾರೆಂದು ನಿಮಗೆ ಗೊತ್ತಿರಲಾರದು. ನನಗೂ ಗೊತ್ತಿರಲಿಲ್ಲ. ಬಂದ ಮೊದಲ ದಿನ ಹಾಗೆಂದು ಬಾಯಿಬಿಟ್ಟಿದ್ದಕ್ಕೆ ಬೇಕರಿಯವಳು ನನಗೆ ಹಿಂದಿನ ದಿನದ ಬನ್ನು ಕೊಟ್ಟಳು.

ಅವರು ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಮೊಳೆ ತೂಗುತ್ತಾರೆ, ಭಾನುವಾರ ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಗೋಲು ಹೊಡೆಯುತ್ತಾರೆ. ದೇಶದಲ್ಲೇ ಅತಿ ಹೆಚ್ಚು ಗೋಲು ಹೊಡೆದವರೆಂದು ಮೂರು ಸಲ ಹೆಸರಾಗಿದ್ದಾರಂತೆ. ನಮ್ಮಲ್ಲಿ ಆಟಕ್ಕೆ ದುಡ್ಡು ಕೊಡುವ ಹಾಗಿಲ್ಲವಲ್ಲ. ದುಡ್ಡು ಮುಟ್ಟಿದವನಿಗೆ ಆಮೇಲೆ ಊರಿನ ಅಂಗಿಯೂ ಇಲ್ಲ, ದೇಶದ ಅಂಗಿಯೂ ಇಲ್ಲ. ಹಾಗಾಗಿ ಕ್ಲಬ್ಬಿನವರು ಗಡಿಯಾರ ಕೊಡುತ್ತಾರೆ. ಅಂಗಡಿಯಲ್ಲಿ ಗಡಿಯಾರ ಮುಗಿದ ವರ್ಷ ಕಾಫಿ ಜಗ್ಗು ಕೊಟ್ಟರು.

ಕ್ಲಬ್ಬಿನ ಅಧ್ಯಕ್ಷರು ಎಡ್ಲಿಂಗ್. ಕಾರ್ಖಾನೆಯ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರೂ ಅವರೇ. ಕಳೆದ ವಾರ ನಾನು ಕೆಲಸ ಮಾಡುವ ಲೈಬ್ರರಿಗೆ ಬಂದರು.

“ಮೇಡಂ ಸಾಹಿತ್ಯ ಓದಿದ್ದಾರೆ. ಕ್ಲಬ್ಬಿಗೆ ಮೂವತ್ತು ವರ್ಷ ತುಂಬ್ತು. ಒಂದು ಪುಸ್ತಕ ಬರ್ಕೊಡ್ಲಿ. ಅರ್ವಿಡ್‌ಗೇ ಅಂತ ಒಂದು ದೊಡ್ಡ ಅಧ್ಯಾಯ. ಎಲ್ಲಾ ಗೋಲೂ ಬರ್ಬೇಕು.”

“ಎಲ್ಲಾನೂವಾ?”

“ಒಂದು ಬಿಟ್ರೂ ಅದನ್ನ ನೋಡಿದವನು ಬಂದು ಜಗಳ ತೆಗೀತಾನೆ.”

ಇಷ್ಟೆಲ್ಲ ಓದಿದ ನನಗೆ ಒದೆಯುವುದಕ್ಕೆ ಎಷ್ಟು ಪದ ಗೊತ್ತಿರಬಹುದು ಹೇಳಿ. ಒದ್ದರು, ಹೊಡೆದರು, ನೂಕಿದರು, ತಳ್ಳಿದರು, ಸೇರಿಸಿದರು. ೧೯೪೬ರ ವಸಂತಕ್ಕೆ ಬರುವಷ್ಟರಲ್ಲಿ ನನ್ನ ಪದಗಳೆಲ್ಲ ಖರ್ಚಾದವು.

ಕೊನೆಗೆ ಅವರನ್ನೇ ಕೇಳೋಣವೆಂದು ನಿನ್ನೆ ಧೈರ್ಯ ಮಾಡಿದೆ. ಗೆರ್ಡಾ ಅಮ್ಮನವರು ಏಳು ಬಗೆಯ ಬಿಸ್ಕತ್ತು ಇಟ್ಟು ಇಬ್ಬರನ್ನೂ ಎದುರುಬದುರು ಕೂರಿಸಿದರು. ನಾನು ಮೇಜುಬಟ್ಟೆ ನೋಡಿದೆ, ಅವರೂ ಮೇಜುಬಟ್ಟೆ ನೋಡಿದರು.

“ನಾರ್ವೆ ಮೇಲಿನ ಆ ನಾಲ್ಕನೇ ಗೋಲು ಹೇಗೆ ಹೊಡೆದಿರಿ?”

“ಚೆಂಡು ಬಂತು.”

“ಆಮೇಲೆ?”

“ಹೋಯ್ತು.”

“ಇವನು ಹಿಂಗೇನೇ ಮೇಡಂ,” ಎಂದರು ಅಮ್ಮ. “ಹುಟ್ಟಿದಾಗ್ಲೂ ಅಳ್ಲಿಲ್ಲ. ಸೂಲಗಿತ್ತಿ ಗಾಬರಿಬಿದ್ದು ತಲೆಕೆಳಗು ಹಿಡಿದು ತಟ್ಟಿದ್ರೆ, ಅವಳ ಕನ್ನಡಕಕ್ಕೆ ಝಾಡಿಸಿ ಒದ್ದ. ಅದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ.”

ಅರ್ವಿಡ್ ಬಿಸ್ಕತ್ತು ಕೆಳಗಿಟ್ಟು ಒಂದು ಮಾತು ಸೇರಿಸಿದರು. “ಆ ಗೋಲ್‌ಕೀಪರ್‌ಗೆ ಅವತ್ತು ಹಲ್ಲುನೋವು, ಪಾಪ.” ಅವರಿಗೆ ಗೋಲು ನೆನಪಿಲ್ಲ, ಗೋಲ್‌ಕೀಪರುಗಳೆಲ್ಲ ನೆನಪಿದ್ದಾರೆ. ಪ್ರತಿ ಗೋಲಿನ ನಂತರವೂ ಹತ್ತಿರ ಹೋಗಿ “ಬೇಜಾರು ಮಾಡ್ಕೋಬೇಡಿ” ಎಂದು ಹೇಳಿ ಬರುತ್ತಾರಂತೆ.

ಊರಿಗೆ ಈಗ ಒಂದೇ ಭಯ. ಒಂಟೆಬಣ್ಣದ ಕೋಟಿನ ಇಟಲಿಯವರೊಬ್ಬರು ಎರಡು ಸಲ ಬಂದು ಹೋಗಿದ್ದಾರೆ. ಅಲ್ಲಿ ಆಟಕ್ಕೆ ಸಂಬಳವಿದೆ. ಎಡ್ಲಿಂಗ್ ಅವರು ಪುಸ್ತಕದ ಕೊನೆಯ ವಾಕ್ಯವನ್ನು ತಾವೇ ಬರೆಸಿದ್ದಾರೆ: “ಅರ್ವಿಡ್ ಬ್ರೋಲಿನ್ ಲೋವ್‌ಹಮ್ಮಾರ್ ಬಿಟ್ಟು ಎಲ್ಲಿಗೂ ಹೋಗಲಿಲ್ಲ.”

ನಿಮ್ಮ,
ಡಾಗ್ನಿ

•

ಉಪ್ಸಾಲಾ
೧೭ ಮಾರ್ಚ್

ಡಾಗ್ನಿ ಮಗಳೇ,

ಹಳೆಗಾಲದ ಕಾವ್ಯವನ್ನೆಲ್ಲ ಅರೆದು ಕುಡಿದವಳು ಹೋಗಿ ಹೋಗಿ ಚರ್ಮದ ಚೆಂಡು ಒದೆಯುವವನ ಚರಿತ್ರೆ ಬರೆಯುವುದೇ? ನಿನ್ನ ಅಪ್ಪ ಇದ್ದಿದ್ದರೆ ಊಟ ಬಿಡುತ್ತಿದ್ದ. ಎರಡು ದಿನವಾದರೂ ಬಿಡುತ್ತಿದ್ದ.

ಫುಟ್‌ಬಾಲ್ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆದರೆ ನೀನು ಬರೆದದ್ದರಲ್ಲಿ ತಪ್ಪಿದೆ. ಬ್ರೋಲಿನ್ ಗೋಲು ಪಟ್ಟಿಯ ತುದಿಗೇರಿದ್ದು ಮೂರು ಸಲ ಅಲ್ಲ, ನಾಲ್ಕು. ನಲವತ್ತೇಳರಲ್ಲಿ ಇನ್ನೊಬ್ಬನ ಜೊತೆ ಸಮನಾಗಿದ್ದ. ನಾರ್ವೆ ಮೇಲೆ ಅವನು ಐದು ಹೊಡೆದ. ಒಂದನ್ನು ಆಫ್‌ಸೈಡ್ ಎಂದು ಕಿತ್ತುಕೊಂಡರು. ಅದು ಆಫ್‌ಸೈಡೇ ಅಲ್ಲ. ಆ ರೆಫರಿಗೆ ಕಣ್ಣಿರಲಿಲ್ಲ, ಆತ್ಮಸಾಕ್ಷಿಯೂ ಇರಲಿಲ್ಲ. ಇದೆಲ್ಲ ಕೆಳಗಿನ ಮನೆಯವರ ರೇಡಿಯೋದಿಂದ ತಾನಾಗಿ ಕಿವಿಗೆ ಬೀಳುತ್ತದೆ, ಅಷ್ಟೆ.

ಇಟಲಿಗೆ ಅವನು ಹೋಗಕೂಡದು. ಹೋದರೆ ಮುಂದೆ ಡೆನ್ಮಾರ್ಕ್ ಮೇಲೆ ನಮಗೆ ಗೋಲು ಹೊಡೆಯುವವರು ಯಾರು? ಹಾಗಂತ ಕೆಳಗಿನ ಮನೆಯವರು ಚಿಂತಿಸುತ್ತಿದ್ದರು.

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ.

ಹಿಲ್ಮಾ ಅತ್ತೆ

•

ಲೋವ್‌ಹಮ್ಮಾರ್
೩೦ ಏಪ್ರಿಲ್

ಪ್ರೀತಿಯ ಅತ್ತೆ,

ಕೆಳಗಿನ ಮನೆ ಖಾಲಿಯಾಗಿ ವರ್ಷವಾಯಿತೆಂದು ಕ್ರಿಸ್‌ಮಸ್‌ಗೆ ಬಂದಾಗ ನೀವೇ ಹೇಳಿದ್ದಿರಿ. ಇರಲಿ. ಕಾಲುಚೀಲ ಬೆಚ್ಚಗಿದೆ.

ನಿನ್ನೆ ಜೀವನದಲ್ಲಿ ಮೊದಲ ಸಲ ಪಂದ್ಯ ನೋಡಿದೆ. ಮೈದಾನದ ಅಂಚಿನಲ್ಲಿ ಇನ್ನೂ ಕೊಳಕು ಹಿಮ ಬಿದ್ದಿತ್ತು. ಉಳಿದವರೆಲ್ಲ ಓಡುತ್ತಿದ್ದರೆ ಅರ್ವಿಡ್ ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ. ಏನಾದರೂ ಮರೆತುಬಂದಿದ್ದಾನೋ ಎನ್ನುವಂತೆ ನೆಲ ನೋಡುತ್ತಿದ್ದ. ಅಷ್ಟರಲ್ಲಿ ಗೋಲಾಯಿತು. ನಾನು ಮೂಗು ಒರೆಸಿಕೊಳ್ಳುವಾಗ ಇನ್ನೊಂದು. ಮೂರನೆಯದನ್ನು ನೋಡಲೇಬೇಕೆಂದು ಕಣ್ಣು ಮಿಟುಕಿಸದೆ ನಿಂತೆ. ಆಗ ಗೊತ್ತಾಯಿತು. ಸಹ ಆಟಗಾರರು ಕೈಬೀಸಿ ಚೆಂಡು ಕೇಳುತ್ತಾರೆ, ಅವನು ಯಾರಿಗೂ ಕೊಡುವುದಿಲ್ಲ. ಮೈದಾನದ ಗೆರೆಯೊಳಗೆ ಮಾತ್ರ ಅವನಿಗೆ ಇಲ್ಲ ಅನ್ನುವುದಕ್ಕೆ ಬರುತ್ತದೆ.

ಗೆರೆಯ ಹೊರಗೆ ಬಂದರೆ ಮುಗಿಯಿತು. ಮದ್ಯಪಾನ ವಿರೋಧಿ ಸಂಘದವರೂ ಬಿಯರ್ ಅಂಗಡಿಯವರೂ ಒಂದೇ ತಿಂಗಳಲ್ಲಿ ಅವನನ್ನು ಮುಖ್ಯ ಅತಿಥಿಯಾಗಿ ಕರೆದರು. ಎರಡಕ್ಕೂ ಹೋಗಿಬಂದ. ಇಬ್ಬರೂ ಗಡಿಯಾರ ಕೊಟ್ಟರು.

ಇವತ್ತು ಮಧ್ಯಾಹ್ನ ಮೆಟ್ಟಿಲ ಮೇಲೆ ಸಿಕ್ಕ. ನಾನು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ, ಅವನೂ ಇನ್ನೊಂದು ಗೋಡೆಗೆ ಒತ್ತಿಕೊಂಡ. ಹಾಗೇ ನಿಂತೆವು.

“ಮೇಡಂ ಯಾರಿಗೂ ಹೇಳಲ್ಲ ಅಲ್ವಾ?” ಎಂದ.

“ನಾನು ಯಾರ ಹತ್ರಾನೂ ಮಾತೇ ಆಡಲ್ಲ.”

“ಅದಕ್ಕೇ ಕೇಳಿದೆ. ನಂಗೆ ಹೋಗ್ಬೇಕು ಅಂತಿದೆ. ಇಟಲಿಗೆ.”

“ಸಂಬಳಕ್ಕಾ?”

“ಅದೂ ಹೌದು. ಆದ್ರೆ ಇಲ್ಲಿ ಎಲ್ಲಾ ಗೋಲ್‌ಕೀಪರ್‌ಗಳೂ ಗೊತ್ತು ಮೇಡಂ. ಅವರ ಹೆಂಡ್ತಿ ಮಕ್ಕಳೂ ಗೊತ್ತು. ನನ್ನ ನೋಡಿದ್ರೆ ಹೊಡೆಯೋ ಮುಂಚೇನೇ ಮುಖ ಸಣ್ಣ ಮಾಡ್ತಾರೆ. ನಾನ್ಯಾರು ಅಂತ ಗೊತ್ತಿಲ್ಲದವನ ಎದುರು ಒಂದ್ಸಲ ಹೊಡೀಬೇಕು. ಆಗತ್ತೋ ಇಲ್ವೋ ನೋಡ್ಬೇಕು. ನಂಗೂ ಮೂವತ್ತಾಯ್ತು.” ಕೆಳಗಿನ ಗಡಿಯಾರಗಳ ಕಡೆ ನೋಡಿ, “ಮತ್ತೆ, ಗಡಿಯಾರ ಇಲ್ಲದ ಕೋಣೇಲಿ ಒಂದು ರಾತ್ರಿ ಮಲಗ್ಬೇಕು,” ಎಂದ.

“ಹಾಗಿದ್ರೆ ಎಡ್ಲಿಂಗ್ ಅವರಿಗೆ ಹೇಳಿ.”

“ಅವರು ದಿನಾ ಕೇಳ್ತಾರೆ, ಇಲ್ಲೇ ಇರ್ತೀಯ ತಾನೇ ಅಂತ. ನಾನು ಹೂಂ ಅಂತೀನಿ.”

“ಇಟಲಿಯವರಿಗೆ?”

“ಅವರಿಗೂ ಹೂಂ ಅಂದೆ. ಅಷ್ಟು ದೂರದಿಂದ ಬಂದಿದ್ರು.”

ಇಟಲಿಯವರು ಜುಲೈ ಮೊದಲ ವಾರ ಸಹಿ ಮಾಡಿಸಿಕೊಳ್ಳಲು ಬರುತ್ತಾರೆ. ನಾನೀಗ ಎರಡು ಕೊನೆಯ ಅಧ್ಯಾಯ ಬರೆಯುತ್ತಿದ್ದೇನೆ.

ನಿಮ್ಮ,
ಡಾಗ್ನಿ

•

ಉಪ್ಸಾಲಾ
೬ ಮೇ

ಡಾಗ್ನಿ ಮಗಳೇ,

ಮಾರ್ಚಿನಲ್ಲಿ ‘ಅವರು’ ಆಗಿದ್ದವರು ಏಪ್ರಿಲ್‌ನಲ್ಲಿ ‘ಅವನು’ ಆಗಿದ್ದಾರೆ. ನನಗೆ ವಯಸ್ಸಾಗಿದೆ, ಕಣ್ಣು ಹೋಗಿಲ್ಲ. ನಾನೇನೂ ಕೇಳುವುದಿಲ್ಲ.

ಮೂವತ್ತು ವರ್ಷದ ಗಂಡಸಿಗೆ ಇಲ್ಲ ಎನ್ನಲು ಬಾರದೆಂದರೆ ಯಾರಾದರೂ ಕೂತು ಕಲಿಸಬೇಕು. ಬಿಸ್ಕತ್ತಿನಿಂದ ಶುರುಮಾಡು. ಬಿಸ್ಕತ್ತಿಗೆ ಇಲ್ಲ ಎಂದವನು ಇಟಲಿಗೂ ಇಲ್ಲ ಎಂದಾನು.

ನಿನ್ನೆಯ ಪಂದ್ಯದಲ್ಲಿ ಅವನು ಆ ಹೆಡರ್ ಹೊಡೆಯದೆ ಬಿಡಬಾರದಿತ್ತು.

ಹಿಲ್ಮಾ ಅತ್ತೆ

•

ಲೋವ್‌ಹಮ್ಮಾರ್
೨೫ ಜೂನ್

ಪ್ರೀತಿಯ ಅತ್ತೆ,

ಬಿಸ್ಕತ್ತಿನ ಪಾಠ ಕೆಟ್ಟಿತು. “ಇನ್ನೊಂದು ತಗೋತೀರಾ?” ಎಂದರೆ ಅರ್ವಿಡ್ ಬೆವರುತ್ತಾನೆ. “ಇಲ್ಲ... ಅಂದ್ರೆ, ಮೇಡಂಗೆ ಬೇಜಾರಾಗಲ್ಲ ಅಂದ್ರೆ ಇಲ್ಲ... ಬೇಜಾರಾಗತ್ತಾ? ಕೊಡಿ.” ಒಂದು ತಿಂಗಳಲ್ಲಿ ಅವನ ಆಟದ ಚಡ್ಡಿ ಬಿಗಿಯಾಗಿದೆ. ಗೆರ್ಡಾ ಅಮ್ಮ ನನ್ನನ್ನು ಬೈದರು.

ಈಗ ನಡೆದಿರುವುದು ಅದಕ್ಕಿಂತ ದೊಡ್ಡದು. ನನ್ನ ಹತ್ತಿರ ಒಂದು ಮೋಟಾರ್ ಸೈಕಲ್ ಇದೆ. ಕೆಂಪು ಬಣ್ಣದ್ದು. ಊರಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಅದು ನನಗೆ ಅಷ್ಟೇನೂ ಹೊಸದಲ್ಲ, ಆದರೆ ಈ ಸಲ ಅವರು ಬೇಕೆಂದೇ ಆಡುತ್ತಿಲ್ಲ.

ಶನಿವಾರ ಮಿಡ್‌ಸಮ್ಮರ್ ಹಬ್ಬ. ಮೈದಾನದಲ್ಲಿ ಹೂವಿನ ಕಂಬ ನೆಟ್ಟಿದ್ದರು. ಎಡ್ಲಿಂಗ್ ಅವರು ವೇಸ್ಟ್‌ಕೋಟ್ ಸಮೇತ ಮಕ್ಕಳ ಜೊತೆ ಕಪ್ಪೆಯ ಕುಣಿತ ಕುಣಿದರು. ಆಟಗಾರರಿಗೆ ಗುಟ್ಟಾಗಿ ದುಡ್ಡು ಹೋಗುತ್ತಿದೆಯೇ ಎಂದು ಮೂಸಿ ನೋಡಲು ಸ್ಟಾಕ್‌ಹೋಮ್‌ನಿಂದ ಫುಟ್‌ಬಾಲ್ ಒಕ್ಕೂಟದ ಅಧಿಕಾರಿಯೊಬ್ಬರು ಬಂದಿದ್ದರು. ಅವರು ಒಂದೆಡೆ ಕೂತು ಸ್ಟ್ರಾಬೆರಿ ತಿನ್ನುತ್ತಿದ್ದರು. ಕ್ಲಬ್ಬಿನ ಚಾವಣಿ ರಿಪೇರಿಗೆಂದು ಲಾಟರಿ ಇತ್ತು. ಬಹುಮಾನ ಮೋಟಾರ್ ಸೈಕಲ್.

ಆಮೇಲೆ ಗೊತ್ತಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ವಿಡ್‌ನನ್ನು ಊರಲ್ಲೇ ಉಳಿಸಿಕೊಳ್ಳಲು ಆ ಬಂಡಿಯನ್ನು ಅವನಿಗೇ ಕೊಡಬೇಕೆಂದು ಎಡ್ಲಿಂಗ್ ಲೆಕ್ಕ ಹಾಕಿದ್ದರು. ಸುಮ್ಮನೆ ಕೊಟ್ಟರೆ ಅದು ಸಂಬಳವಾಗುತ್ತದೆ. ಲಾಟರಿಯಲ್ಲಿ ಬಂದರೆ ಅದೃಷ್ಟ. ಹಾಗಾಗಿ ಗೆಲ್ಲುವ ಚೀಟಿಯನ್ನು ಮೊದಲೇ ಆರಿಸಿ, ತಮ್ಮ ಕೈಯಾರೆ ಅವನ ಜೇಬಿಗೆ ತುರುಕಿದ್ದರು. ಅವನಿಗೆ ಮಾತ್ರ ಏನೂ ಹೇಳಿರಲಿಲ್ಲ.

ನಾನು ಕಾಫಿ ಮೇಜಿನ ಹಿಂದೆ, ಯಾರಿಗೂ ಕಾಣದ ಹಾಗೆ ನಿಂತಿದ್ದೆ. ಅವನಿಗೆ ಕಂಡೆ.

“ಮೇಡಂ ಚೀಟಿ ತಗೊಂಡಿಲ್ವಾ?”

“ಪರ್ಸು ಮನೇಲೇ ಬಿಟ್ಟುಬಂದೆ.”

“ಎಲ್ಲರ ಕೈಲೂ ಇದೆ, ಮೇಡಂಗೊಬ್ರಿಗೇ ಇಲ್ಲ ಅಂದ್ರೆ ಹೇಗೆ? ಇದನ್ನ ಇಟ್ಕೊಳ್ಳಿ. ಸಾಹೇಬ್ರು ನಂಗೆ ಸುಮ್ನೆ ಕೊಟ್ರು.”

ಎಡ್ಲಿಂಗ್ ವೇದಿಕೆ ಹತ್ತಿ ಕಣ್ಣು ಮುಚ್ಚಿಕೊಂಡು ಡಬ್ಬಿಗೆ ಕೈಹಾಕಿದರು. “ನೂರಾ ಹದಿನೇಳು!” ಎಂದು ಅರ್ವಿಡ್ ಕಡೆಗೆ ಎರಡೂ ಕೈ ಚಾಚಿದರು. ಅರ್ವಿಡ್ ಖುಷಿಯಿಂದ ಚಪ್ಪಾಳೆ ತಟ್ಟಿದ.

“ಜೇಬು ನೋಡ್ಕೊಳಪ್ಪಾ, ಅರ್ವಿಡ್.”

“ನೋಡ್ಕೊಂಡೆ ಸಾಹೇಬ್ರೇ. ಕರ್ಚೀಫಿದೆ.”

“ಸರಿಯಾಗಿ ನೋಡ್ಕೋ!”

“ಒಂದು ಬಿಸ್ಕತ್ತೂ ಇದೆ.”

ಅಷ್ಟರಲ್ಲಿ ಗೆರ್ಡಾ ಅಮ್ಮ ನನ್ನ ಕೈಯಲ್ಲಿದ್ದುದನ್ನು ಇಣುಕಿ ನೋಡಿ, ಕುಣಿಯುತ್ತಿದ್ದವರೆಲ್ಲ ನಿಲ್ಲುವ ಹಾಗೆ ಕೂಗಿದರು. “ನಮ್ಮ ಮೇಡಂ ಹತ್ರ! ನೂರಾ ಹದಿನೇಳು ನಮ್ಮ ಮೇಡಂ ಹತ್ರ!”

ವೇದಿಕೆ ಹೇಗೆ ಹತ್ತಿದೆನೋ ತಿಳಿಯದು. ಎಡ್ಲಿಂಗ್ ಹಲ್ಲು ಬಿಗಿಹಿಡಿದು ನಗುತ್ತಾ, “ಮೇಡಂ, ಇದರಲ್ಲಿ ಏನೋ ತಪ್ಪಾಗಿದೆ,” ಎಂದು ಪಿಸುಗುಟ್ಟಿದರು.

“ಏನು ತಪ್ಪು?” ಎಂದರು ಅಧಿಕಾರಿ. ಅವರು ಸ್ಟ್ರಾಬೆರಿ ತಟ್ಟೆ ಹಿಡಿದು ನಮ್ಮ ಬೆನ್ನ ಹಿಂದೆಯೇ ನಿಂತಿದ್ದರು.

“ಏನಿಲ್ಲ,” ಎಂದರು ಎಡ್ಲಿಂಗ್. “ಮೇಡಂಗೆ ಹೆಲ್ಮೆಟ್ಟೂ ಕೊಡ್ಬೇಕಿತ್ತು.”

ಅಧಿಕಾರಿ ನನ್ನ ಕೈಕುಲುಕಿದರು. “ಎಷ್ಟೋ ವರ್ಷಕ್ಕೆ ಒಂದು ಪ್ರಾಮಾಣಿಕ ಲಾಟರಿ ನೋಡಿದ ಹಾಗಾಯ್ತು,” ಎಂದರು.

ನಿಮ್ಮ,
ಡಾಗ್ನಿ

•

ಲೋವ್‌ಹಮ್ಮಾರ್ ಫುಟ್‌ಬಾಲ್ ಕ್ಲಬ್
೨೮ ಜೂನ್ ೧೯೫೧

ಮಾನ್ಯ ಲೈಬ್ರೇರಿಯನ್ ಡಾಗ್ನಿ ಹೆಲ್‌ಬರ್ಗ್ ಅವರಿಗೆ,

ತಾವು ಗೆದ್ದ ವಾಹನದ ವಿಷಯವಾಗಿ ಕ್ಲಬ್ಬಿನ ಸಮಿತಿ ಆಳವಾಗಿ ಚರ್ಚಿಸಿದೆ. ತಾವು ಅದನ್ನು ಶ್ರೀ ಅರ್ವಿಡ್ ಬ್ರೋಲಿನ್ ಅವರಿಗೆ ಕೊಟ್ಟರೆ ಅದು ಕೊಡುಗೆಯಾಗುತ್ತದೆ. ಅಗ್ಗಕ್ಕೆ ಮಾರಿದರೂ ಕೊಡುಗೆಯೇ. ತಾವು ಅದನ್ನು ಕಳೆದುಕೊಂಡು ಅದು ಅವರಿಗೆ ಸಿಗುವುದಾದರೆ ಪೊಲೀಸರನ್ನು ಕರೆಸಬೇಕಾಗುತ್ತದೆ.

ಆದರೆ ಲೈಬ್ರರಿಯ ನಿಯಮಗಳಲ್ಲಿ “ಪುಸ್ತಕಗಳು ಮತ್ತು ಇತರ ಉಪಯುಕ್ತ ವಸ್ತುಗಳು” ಎಂಬ ಮಾತಿದೆ. ತಾವು ವಾಹನವನ್ನು ಲೈಬ್ರರಿಗೆ ದಾನ ಮಾಡಬಹುದು. ಓದುಗರಾದ ಶ್ರೀ ಬ್ರೋಲಿನ್ ಅದನ್ನು ಎರಡು ವಾರಕ್ಕೆ ಎರವಲು ಪಡೆಯಬಹುದು. ಬೇರೆ ಓದುಗರು ಕೇಳದಿದ್ದರೆ ಅವಧಿ ವಿಸ್ತರಿಸಬಹುದು. ಬೇರೆ ಓದುಗರು ಕೇಳದಂತೆ ಸಮಿತಿ ನೋಡಿಕೊಳ್ಳುತ್ತದೆ.

ಜುಲೈ ಐದರ ಸಂಜೆ ಕಾರ್ಖಾನೆಯ ಸಭಾಂಗಣದಲ್ಲಿ ಔತಣವಿದೆ. ತಾವು ಅಲ್ಲಿ ಎರವಲು ಚೀಟಿಗೆ ಮುದ್ರೆ ಒತ್ತಬೇಕು. ಶ್ರೀ ಬ್ರೋಲಿನ್ ನಮ್ಮಲ್ಲೇ ಉಳಿಯುವರೇ ಎಂದು ಎಲ್ಲರ ಮುಂದೆ ನಾನೇ ಕೇಳಲಿದ್ದೇನೆ. ಅವರ ಉತ್ತರ ಏನೆಂಬುದರಲ್ಲಿ ನಮಗೆ ಅನುಮಾನವಿಲ್ಲ.

ತಮ್ಮ ಹುದ್ದೆಯನ್ನು ಕಾಯಂ ಮಾಡುವ ವಿಷಯ ಸೆಪ್ಟೆಂಬರಿನಲ್ಲಿ ಚರ್ಚೆಗೆ ಬರಲಿದೆ. ಇದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ತಮ್ಮ ವಿಶ್ವಾಸಿ,
ಕೆ. ಎಡ್ಲಿಂಗ್, ಅಧ್ಯಕ್ಷ

•

ಉಪ್ಸಾಲಾ
೧ ಜುಲೈ

ಡಾಗ್ನಿ ಮಗಳೇ,

ನೀನು ನಕಲು ಮಾಡಿ ಕಳಿಸಿದ ಎಡ್ಲಿಂಗ್ ಪತ್ರವನ್ನು ಎರಡು ಸಲ ಓದಿ ನಕ್ಕೆ. ಮೂರನೆಯ ಸಲ ನಗು ಬರಲಿಲ್ಲ. ಪಾಪದ ಮನುಷ್ಯನನ್ನು ನಾಲ್ಕೂ ಕಡೆಯಿಂದ ಹೂಂ ಅನ್ನಿಸಿ ಕಟ್ಟಿಹಾಕುತ್ತಿದ್ದೇವೆ. ಆ ಸಾಲಿನಲ್ಲಿ ಮೊದಲು ನಿಂತವಳು ನಾನೇ.

ಡೆನ್ಮಾರ್ಕ್ ಮೇಲೆ ನಾವು ಸೋಲುತ್ತೇವೆ. ಖಂಡಿತ ಸೋಲುತ್ತೇವೆ. ಸೋಲೋಣ. ಅವನು ಹೋಗಲಿ.

ಆದರೆ ಇಷ್ಟು ಪತ್ರಗಳಲ್ಲಿ ಎಲ್ಲರಿಗೂ ಏನು ಬೇಕೆಂದು ಬರೆದಿದ್ದೀಯ, ನಿನಗೇನು ಬೇಕೆಂದು ಒಂದು ಸಾಲೂ ಇಲ್ಲ. ನಾನು ಕೇಳುವುದಿಲ್ಲ ಎಂದಿದ್ದೆ. ಈಗ ಕೇಳುತ್ತಿದ್ದೇನೆ.

ಹಿಲ್ಮಾ ಅತ್ತೆ

•

ಲೋವ್‌ಹಮ್ಮಾರ್
೪ ಜುಲೈ

ಪ್ರೀತಿಯ ಅತ್ತೆ,

ನನಗೆ ಮೋಟಾರ್ ಸೈಕಲ್ ಓಡಿಸಲು ಬರುತ್ತದೆ. ಲೈಸೆನ್ಸಿನ ಬಗ್ಗೆ ಕೇಳಬೇಡಿ.

ಕಲಿಸಿದವರು ಗೆರ್ಡಾ ಅಮ್ಮ. ಅವರಿಗೆ ಸೈಕಲ್ಲೂ ಬರುವುದಿಲ್ಲ. ನಾನು ಲೈಬ್ರರಿಯ ಯಂತ್ರಗಳ ಪುಸ್ತಕವನ್ನು ಗಟ್ಟಿಯಾಗಿ ಓದುವುದು, ಅವರು ಸೀಟು ಹಿಡಿದುಕೊಂಡು “ಬ್ರೇಕು ಮೇಡಂ, ಬ್ರೇಕು, ಅಯ್ಯೋ ಅದಲ್ಲ!” ಎಂದು ಹಿಂದೆ ಓಡುವುದು. ಬೆಳಗಿನ ಹೊತ್ತು ಆಟದ ಮೈದಾನದಲ್ಲೇ ಅಭ್ಯಾಸ. ಒಂದು ಸಲ ಬಂಡಿ ಸಮೇತ ಗೋಲಿನ ಬಲೆಗೆ ಹೋಗಿ ಸಿಕ್ಕಿಕೊಂಡೆ. ಬೇಲಿಯ ಮೇಲೆ ಕೂತಿದ್ದ ಅರ್ವಿಡ್ ಇಳಿದು ಬಂದು ಬಿಡಿಸಿದ. “ಚೆನ್ನಾಗಿ ಬಂತು ಮೇಡಂ. ಗೋಲ್‌ಕೀಪರ್ ಇದ್ದಿದ್ರೂ ತಡೆಯೋಕೆ ಆಗ್ತಿರ್ಲಿಲ್ಲ.” ಅವನು ಒಂದು ಗೋಲಿನ ಬಗ್ಗೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಇಟಲಿಯವರು ಜಂಕ್ಷನ್ ಊರಿನ ಹೋಟೆಲ್ಲಿಗೆ ಬಂದಿದ್ದಾರೆ. ನಾಳೆ ಮಧ್ಯಾಹ್ನದ ರೈಲಿಗೆ ಹೊರಡುತ್ತಾರೆ, ಅರ್ವಿಡ್‌ಗೂ ಟಿಕೆಟ್ ತೆಗೆದಿದ್ದಾರೆ. ನಾಳೆ ಸಂಜೆ ಎಡ್ಲಿಂಗ್ ಅವರ ಔತಣ. ಅರ್ವಿಡ್ ಎರಡಕ್ಕೂ ಹೂಂ ಎಂದಿದ್ದಾನೆ. ಜಂಕ್ಷನ್ನಿಗೆ ಹೋಗುವುದು ಕಾರ್ಖಾನೆಯ ಬಸ್ಸೊಂದೇ, ಅದು ನಾಳೆ ಒಂದು ದಿನದ ಮಟ್ಟಿಗೆ ಕೆಟ್ಟಿರುತ್ತದೆ ಎಂದು ಇವತ್ತೇ ಬೋರ್ಡು ಹಾಕಿದ್ದಾರೆ. ಬಸ್ಸು ಬೋರ್ಡಿನ ಪಕ್ಕದಲ್ಲೇ ಚೆನ್ನಾಗಿ ನಿಂತಿದೆ.

ಗೆರ್ಡಾ ಅಮ್ಮ ಇವತ್ತು ಮಗನ ಪೆಟ್ಟಿಗೆಗೆ ಅಂಗಿ, ಒಣರೊಟ್ಟಿ, ಚೀಸು ತುಂಬುತ್ತಿದ್ದರು. ಆಮೇಲೆ ಎಲ್ಲವನ್ನೂ ತೆಗೆದರು. ಆಮೇಲೆ ಮತ್ತೆ ತುಂಬಿದರು. “ಹೋಗ್ಲಿ ಮೇಡಂ. ಅಲ್ಲಿ ದುಡ್ಡೇ ಕೊಡ್ತಾರಂತೆ. ಇನ್ನೊಂದು ಗಡಿಯಾರ ಬಂದ್ರೆ ನಾನೇ ಮನೆ ಬಿಟ್ಟು ಹೋಗ್ತೀನಿ,” ಎಂದು ಮೂಗು ಒರೆಸಿಕೊಂಡರು. ಮಗನಿಗೆ ಮಾತ್ರ ಇದನ್ನು ಹೇಳುವುದಿಲ್ಲ. ಹೇಳಿದರೆ ತಾನು ಹೇಳಿದ್ದಕ್ಕೇ ಹೋದ ಎಂದಾಗುತ್ತದಂತೆ.

ಅರ್ವಿಡ್ ಸ್ವಲ್ಪ ಹೊತ್ತಿನ ಮುಂಚೆ ಮೆಟ್ಟಿಲ ಮೇಲೆ ಕೂತಿದ್ದ. ನಾನು ಎರಡು ಮೆಟ್ಟಿಲು ಮೇಲೆ ಕೂತೆ.

“ನಾಳೆ ಸಂಜೆ ಅಷ್ಟು ಜನರ ಮುಂದೆ ಕೇಳ್ತಾರೆ ಮೇಡಂ. ನಾನು ಹೂಂ ಅಂದ್ಬಿಡ್ತೀನಿ. ನಂಗೊತ್ತು.”

“ಈಗ್ಲೂ ಹೋಗ್ಬೇಕು ಅಂತಾನೇ ಇದ್ಯಾ?”

“ಕಣ್ಣ ಮುಂದೆ ಗೋಲು ಕಾಣತ್ತೆ. ಕಾಲೇ ಏಳಲ್ಲ.” ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ. “ಯಾರೂ ಏನೂ ಕೇಳ್ದೇನೇ ಕರ್ಕೊಂಡು ಹೋಗ್ಬಿಟ್ರೆ ಎಷ್ಟು ಚೆನ್ನಾಗಿರತ್ತೆ.”

ಆಮೇಲೆ ಒಮ್ಮೆ ತಿರುಗಿ ನನ್ನನ್ನು ನೋಡಿದ. ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಏನಾದರೂ ಕೇಳುತ್ತೇನೆಂದು ಕಾದಿದ್ದನೋ ಏನೋ. ನಾನು ಮೇಜುಬಟ್ಟೆ ಇಲ್ಲದ್ದರಿಂದ ಮೆಟ್ಟಿಲು ನೋಡಿದೆ.

ಲೈಬ್ರರಿಯ ಮುದ್ರೆಯನ್ನು ಎಡ್ಲಿಂಗ್ ಅವರ ಮೇಜಿನ ಮೇಲಿಟ್ಟು ಬಂದಿದ್ದೇನೆ. ಬೇಕಿದ್ದರೆ ಅವರೇ ಒತ್ತಿಕೊಳ್ಳಲಿ, ಎರವಲು ಕೊಡಲು ಬಂಡಿ ಮಾತ್ರ ಇರುವುದಿಲ್ಲ. ಸೆಪ್ಟೆಂಬರಿನಲ್ಲಿ ನನ್ನ ಕೆಲಸ ಉಳಿಯಲಾರದು. ನಿಮ್ಮ ಕೆಳಗಿನ ಮನೆ ಇನ್ನೂ ಖಾಲಿ ಇದ್ದರೆ ತಿಳಿಸಿ.

ನನಗೇನು ಬೇಕೆಂದು ಕೇಳಿದ್ದೀರಿ. ಅದು ಒಂದು ಸಣ್ಣ ಪ್ರಶ್ನೆ ಅತ್ತೆ. ಇವತ್ತು ಆ ಮೆಟ್ಟಿಲ ಮೇಲೆ ಕೂತು ಅರ್ವಿಡ್‌ನನ್ನು ಕೇಳಬಹುದಿತ್ತು. ಕೇಳಿದ್ದರೆ ಅವನು ಹೂಂ ಅನ್ನುತ್ತಿದ್ದ, ಅದರಲ್ಲಿ ನನಗೆ ಸಂಶಯವೇ ಇಲ್ಲ. ಅದಕ್ಕೇ ಕೇಳಲಿಲ್ಲ. ನಾಳೆಯೂ ಕೇಳುವುದಿಲ್ಲ. ಬೆಳಿಗ್ಗೆ ಅವನನ್ನೂ ಅವನ ಪೆಟ್ಟಿಗೆಯನ್ನೂ ಹಿಂದೆ ಕೂರಿಸಿಕೊಂಡು, ಒಂದು ಮಾತೂ ಆಡದೆ, ಜಂಕ್ಷನ್ನಿಗೆ ಬಿಟ್ಟು ಬರುತ್ತೇನೆ.

ನಿಮ್ಮ,
ಡಾಗ್ನಿ